ನಾನೇ ದೀಪ

ಕುವೆಂಪುನಗರ, ಶನಿವಾರ

ಅಕ್ಕಾ, ನಮಸ್ಕಾರ. ನಾನು ಸೇರಿರುವ ಈ ಟ್ಯುಟೋರಿಯಲ್‌ನಲ್ಲಿ ಮೇಷ್ಟ್ರುಗಳಿಗೆ ಹುರುಪು ತುಂಬಲು ಬಾಡಿಗೆಗೆ ಒಬ್ಬರನ್ನು ಕರೆಸುತ್ತಾರೆ. ಇವತ್ತು ಆತ ನಮ್ಮ ಕೈಗೆ ಒಂದೊಂದು ಕನ್ನಡಿ ಕೊಟ್ಟು, ಮುಖ ನೋಡಿಕೊಂಡು "ನಾನೇ ದೀಪ, ನಾನೇ ದೀಪ" ಎಂದು ಹೇಳಿಸಿದ. ನಡುವೆ ಎದ್ದವರ ಹೆಸರು ಮಾಲೀಕರಿಗೆ ಹೋಗುತ್ತದಂತೆ. ಮಕ್ಕಳು ಹೊರಗೆ ಕಾಯುತ್ತಿದ್ದರು. ಗಣಿತದಲ್ಲಿ ಎರಡು ಸಲ ಫೇಲಾದ ವಾಣಿ ಕಿಟಕಿಯಲ್ಲಿ ತಲೆ ತೂರಿಸಿ, "ಸಾರ್, ನೀವ್ ಉರ್ದಿದ್ದು ಸಾಕು, ಬನ್ನಿ. ಈ ಸಲಾನೂ ಹೋದ್ರೆ ನಮ್ಮಪ್ಪ ಮದ್ವೆ ಮಾಡ್ಬುಡ್ತಾರೆ" ಎಂದಳು. ಎದ್ದು ಹೋಗಿ ಸಂಜೆಯವರೆಗೂ ಲೆಕ್ಕ ಮಾಡಿಸಿದೆ. ಗಂಟಲು ಕಟ್ಟಿದೆ, ಬಸ್ಸಿನವರ ಕೈಲಿ ಜ್ಯೇಷ್ಠಮಧು ಕಳಿಸು.

ಸೋಮವಾರ ಅವಳಿಗೆ ಪರೀಕ್ಷೆ, ನನಗೆ ಮಾಲೀಕರ ಮುಂದೆ ಹಾಜರಿ. ಕನ್ನಡಿ ವಾಪಸ್ ತರಬೇಕಂತೆ. ಕೆಲಸ ಬೇಕಾದರೆ ಕಿತ್ತುಕೊಳ್ಳಲಿ, ಕನ್ನಡಿ ಕೊಡುವುದಿಲ್ಲ. ಗಡ್ಡ ಹೆರೆಯಲು ಬಹಳ ಚೆನ್ನಾಗಿದೆ.

ಆತುರದಲ್ಲಿ,
ತಮ್ಮ ಚಂದ್ರು