ಎರಡು ಬೆರಳು ಮೇಲಕ್ಕೆ

ಯಮ್ಮಾ,

ನಮ್ಮ ಕಡೆ ಹೆತ್ತವಳು ಮಕ್ಕಳನ್ನು ಕರೆಯುವುದೇ ಹೀಗೆ, ತನ್ನನ್ನೇ ತಾನು ಕರೆದುಕೊಂಡ ಹಾಗೆ. ನಿನಗೆ ಹೆಸರಿಟ್ಟಿಲ್ಲ, ಹೆಣ್ಣೋ ಗಂಡೋ ನಾವು ಕೇಳಿಲ್ಲ. ಸದ್ಯಕ್ಕೆ ಇದೇ ಇರಲಿ.

ಎಡಮಗ್ಗುಲಿಗೆ ಮಲಗಿಯೇ ಇರಬೇಕು, ಎದ್ದರೆ ಮಂಚಕ್ಕೆ ಕಟ್ಟಿಹಾಕುತ್ತೇನೆ ಎಂದು ನರ್ಸ್ ಈಗಷ್ಟೇ ಗದರಿಸಿ ಹೋದಳು. ಮಲಗಿಯೇ ಬರೆಯುತ್ತಿದ್ದೇನೆ, ಅಕ್ಷರಗಳು ಎಲ್ಲೆಲ್ಲೋ ಓಡುತ್ತಿವೆ. ಸುಮ್ಮನಿರು, ಸುಮ್ಮನಿರು ಎಂಬ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ನೀನು ಒಳಗೆ ಹೇಗೆ ಬೇಕೋ ಹಾಗೆ ಒದೆಯುತ್ತೀಯ, ನಿನ್ನನ್ನು ಯಾರೂ ಏನೂ ಅನ್ನುವುದಿಲ್ಲ. ಕಿಟಕಿಯಿಂದ ಕೆಳಗೆ ನೋಡಿದರೆ ಬಿಸಿಲಿಗೆ ಬಣ್ಣ ಮಾಸಿದ ಕೆಂಪು ಹೋಂಡಾ ಕಾರು ಕಾಣುತ್ತದೆ. ನಿನ್ನೆ ನಮ್ಮಿಬ್ಬರನ್ನೂ ಇಲ್ಲಿಗೆ ತಂದದ್ದು ಅದು. ಈ ಕಥೆಯನ್ನು ನಿನ್ನಪ್ಪ ಹೇಳಿದರೆ ಅದರಲ್ಲಿ ತಾನೊಬ್ಬನೇ ಶೂರ. ನಿನ್ನ ಸೋದರಮಾವ ಹೇಳಿದರೆ ಅದರಲ್ಲಿ ನಿನ್ನಪ್ಪ ಇರುವುದೇ ಇಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.

ನನ್ನಪ್ಪನಿಗೆ ಬಯಾದರ್ ಬಡಾವಣೆಯಲ್ಲಿ ಗ್ಯಾರೇಜ್ ಇತ್ತು, ನಾನು ಬೆಳೆದದ್ದು ಅಲ್ಲಿನ ಎಣ್ಣೆ ವಾಸನೆಯಲ್ಲಿ. ಹೋಂಡಾ ಕೊಂಡಾಗ ನನಗಿನ್ನೂ ಮದುವೆಯಾಗಿರಲಿಲ್ಲ. ಕೊಂಡ ವಾರವೇ ಸ್ಪ್ರಿಂಗ್‌ಗಳನ್ನು ಬಿಚ್ಚಿ, ಕಬ್ಬಿಣ ಕೊಯ್ಯುವ ಗ್ರೈಂಡರ್ ಹಿಡಿದು ಒಂದೊಂದು ಸುತ್ತು ಕತ್ತರಿಸಿ ಕಾರನ್ನು ನೆಲಕ್ಕೆ ಇಳಿಸಿಬಿಟ್ಟೆ. ಟೈರಿಗೂ ಮೇಲಿನ ತಗಡಿಗೂ ನಡುವೆ ಕಿರುಬೆರಳು ತೂರುತ್ತಿರಲಿಲ್ಲ. ಅಪ್ಪ ಸುತ್ತು ಹಾಕಿ ನೋಡಿ, "ಚೆನ್ನಾಗೇನೋ ಕಾಣ್ತದೆ ಕಣೇ. ಆದ್ರೆ ಬೆನ್ನುಮೂಳೆ ನಿಂದು, ನೋಡ್ಕೋ" ಎಂದ. ಸರಿಯಾಗೇ ಹೇಳಿದ್ದ. ಕತ್ತರಿಸಿದ ಸ್ಪ್ರಿಂಗಿಗೆ ಕುಗ್ಗಲು ಜಾಗವಿಲ್ಲ, ಸಣ್ಣ ಗುಂಡಿ ಸಿಕ್ಕರೂ ಧಡ್ ಎಂದು ಬಡಿಯುತ್ತದೆ. ಆದರೆ ಬೆಟ್ಟದ ತಿರುವುಗಳಲ್ಲಿ ಅದು ರಸ್ತೆಗೆ ಅಂಟಿಕೊಂಡು ಇಳಿಯುವಾಗ ನನ್ನೊಳಗಿನ ಚಡಪಡಿಕೆ ಒಂದು ಗಳಿಗೆ ನಿಲ್ಲುತ್ತಿತ್ತು. ಬೇರೆ ಯಾವುದರಲ್ಲೂ ಅದು ನಿಂತದ್ದನ್ನು ನಾನು ಕಾಣೆ.

ನಿನ್ನ ಅಜ್ಜಿಗೆ, ಅಂದರೆ ನನ್ನ ಅತ್ತೆ, ಮಗನ ಹೆಸರು ಹಿಡಿದು ಎಲ್ಲರೂ ಕರೆಯುವ ಉಮ್ ನಿದಾಲ್‌ಗೆ, ಆ ಕಾರನ್ನು ಕಂಡರಾಗದು. "ತೆವಳೋ ಹಲ್ಲಿ" ಎಂದೇ ಅದಕ್ಕೆ ಹೆಸರಿಟ್ಟಿದ್ದರು. ಒಳಗೆ ಕೂರುವಾಗ ಮೊಣಕಾಲು ಹಿಡಿದುಕೊಂಡು, "ಬಾವಿಗಿಳಿದ ಹಾಗಾಗುತ್ತಮ್ಮ" ಎನ್ನುತ್ತಿದ್ದರು. ಅದು ನಗುವಿನ ಮಾತಾಗಿತ್ತು, ನಿನಗಿಂತ ಮೊದಲು ಬಂದದ್ದು ನಾಲ್ಕನೇ ತಿಂಗಳಲ್ಲಿ ಹೋಗುವವರೆಗೆ. ಆಮೇಲೆ ನಗು ನಿಂತಿತು. "ಆ ಕಾರಿನ ಕುಲುಕಾಟಕ್ಕೇ ಹೋಯ್ತು" ಎಂದರು ಅತ್ತೆ. ಡಾಕ್ಟರು ಹಾಗೇನಿಲ್ಲ ಎಂದು ಬಿಡಿಸಿ ಹೇಳಿದರೂ ಅವರು ಮತ್ತೆ ಆ ಕಾರಿನ ಬಾಗಿಲು ಮುಟ್ಟಲಿಲ್ಲ. ನಾನೂ ವಾದಿಸಲಿಲ್ಲ. ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಬೆನ್ನು ಹಾಕಿಕೊಂಡು ಈರುಳ್ಳಿ ಹೆಚ್ಚುತ್ತಿದ್ದೆವು. ಕಣ್ಣೀರು ಈರುಳ್ಳಿಯದೋ ನಮ್ಮದೋ, ಯಾರು ಕೇಳಬೇಕು?

ಆಮೇಲೆ ನೀನು ಬಂದೆ. ಏಳನೇ ತಿಂಗಳಲ್ಲಿ ಒಂದು ಬೆಳಗ್ಗೆ ರಕ್ತ ಕಂಡಿತು. ಮಾಸು ಕೆಳಗೆ ಕೂತಿದೆ, ಏಳಬೇಡಿ, ಮತ್ತೆ ರಕ್ತ ಕಂಡರೆ ತಡಮಾಡದೆ ಬನ್ನಿ ಎಂದರು ಡಾಕ್ಟರು. ನಿನ್ನ ಮಾವ ಕುತೈಬಾ ಬಾಯಿ ಮುಚ್ಚಿಕೊಂಡಿರುವವನೇ? "ಎಲ್ಲಾನೂ ಕೆಳಗಿಳಿಸೋದೇ ನಿನಗೆ ಖಯಾಲಿ ಅಲ್ವಾ ಅಕ್ಕಾ" ಎಂದುಬಿಟ್ಟ. ಆಮೇಲೆ ತಾನೇ ಅತ್ತ.

ನುಜ್ಹಾ ಗುಡ್ಡದ ಮೇಲಿನ ನಮ್ಮ ಮನೆಯಿಂದ ಆಸ್ಪತ್ರೆಗೆ ಹೋಗುವ ದಾರಿಯೆಲ್ಲ ಹಂಪು. ಯಾರ ಮನೆ ಮುಂದೆ ಮಕ್ಕಳು ಆಡುತ್ತಾರೋ ಅಲ್ಲೆಲ್ಲ ಒಂದೊಂದು. "ಕಾರು ಮಾರಿಬಿಡೋಣ" ಎಂದ ನಿನ್ನಪ್ಪ ನಿದಾಲ್. "ಆಂಬುಲೆನ್ಸ್ ಇದೆಯಲ್ಲ" ಎಂದರು ಅತ್ತೆ. ಇದೆ, ಇಲ್ಲ ಎಂದು ಯಾರು ಹೇಳಿದರು? ಆದರೆ ನನಗೆ ನನ್ನ ಕಾರಿನಲ್ಲೇ ಹೋಗಬೇಕಿತ್ತು. ಕುಲುಕಾಟ ತಗ್ಗಲೆಂದು ಮಲಗಿದಲ್ಲಿಂದಲೇ ಫೋನ್ ಮಾಡಿ ಕಾಯಿಲ್‌ಓವರ್ ತರಿಸಿದೆ. ಏನಿಲ್ಲ ಯಮ್ಮಾ, ಸ್ಪ್ರಿಂಗೂ ಶಾಕ್‌ಅಬ್ಸಾರ್ಬರೂ ಒಂದೇ ಕಂಬದಲ್ಲಿರುತ್ತವೆ. ಕಂಬದ ಮೈಗೆ ತಿರುಪಿನ ಗೆರೆಗಳು, ಅದರ ಮೇಲೆ ಬಳೆಯಂಥ ರಿಂಗುಗಳು. ರಿಂಗು ತಿರುಗಿಸಿದರೆ ಕಾರು ಏರುತ್ತದೆ, ಇಳಿಯುತ್ತದೆ. ತುದಿಯ ಗುಂಡಿ ತಿರುಗಿಸಿದರೆ ಗಡಸಾಗುತ್ತದೆ, ಮೆದುವಾಗುತ್ತದೆ.

ನಿನ್ನೆ ಶುಕ್ರವಾರ, ನಮಾಜು ಮುಗಿಸಿ ಬಂದು ಇಬ್ಬರೂ ಕೆಲಸಕ್ಕೆ ಕೂತರು. ನಿನ್ನಪ್ಪ ಶಾಲೆಯಲ್ಲಿ ಚರಿತ್ರೆ ಕಲಿಸುವವನು, ಕುತೈಬಾ ಕ್ಷೌರಿಕ. ನನ್ನ ಸೋಫಾವನ್ನು ಬಾಲ್ಕನಿಗೆ ಎಳೆಸಿಕೊಂಡು ಕಂಬಿಯ ಸಂದಿಯಿಂದ ನೋಡುತ್ತಾ ಕೂಗುತ್ತಿದ್ದೆ. "ಬ್ರೇಕ್ ಪೈಪ್ ಎಳೀಬೇಡ್ವೋ! ಮೊದಲು ಅದರ ಕ್ಲಿಪ್ ಬಿಚ್ಚು!" ಅಂಗಳದಲ್ಲಿ ಅಕ್ಕಪಕ್ಕದವರೆಲ್ಲ ಸೇರಿ ಎಲ್ಲರೂ ಎಂಜಿನಿಯರುಗಳಾಗಿದ್ದರು. ಮುಂದಿನ ಎರಡು ಕಂಬ ಕೂತವು, ಹಿಂದಿನದೊಂದು ಕೂತಿತು. ಎತ್ತರ ಎಷ್ಟಿಡಬೇಕು ಎಂಬಲ್ಲಿ ಜಗಳ ಹತ್ತಿಕೊಂಡಿತು.

"ಎರಡು ಬೆರಳು ಮೇಲಕ್ಕೆ" ಎಂದೆ ನಾನು.

ಕುತೈಬಾ ಸ್ಪ್ಯಾನರ್ ಕೆಳಗಿಟ್ಟ. "ಅಕ್ಕಾ, ಟೊಮೆಟೊ ಮಾರೋ ಗಾಡಿ ಥರ ಕಾಣುತ್ತೆ. ನನ್ನ ಗಿರಾಕಿಗಳು ನಗ್ತಾರೆ."

"ನಗಲಿ ಬಿಡು. ಎತ್ತು."

ಒಂದೊಂದು ಸುತ್ತು ಕತ್ತರಿಸಿ ನಾನು ಮಾಡಿಕೊಂಡ ಕಾರು ಅದು. ರಿಂಗು ತಿರುಗುತ್ತಾ ಹೋದ ಹಾಗೆ ಬೇರೆ ಯಾರದೋ ಕಾರಾಗುತ್ತಿತ್ತು. ನೋಡಲಾರದೆ ಆ ಕಡೆ ಹೊರಳಿದೆ. ಹೊರಳಿದಾಗಲೇ ತೊಡೆಯ ಬಳಿ ಬಿಸಿಯಾಗಿ ಒದ್ದೆ ತಾಗಿತು.

"ಅತ್ತೆ" ಎಂದೆ. ಕೂಗಲಿಲ್ಲ, ಆದರೂ ಅಡುಗೆಮನೆಯಿಂದ ಓಡಿ ಬಂದರು. ಹೊದಿಕೆ ಸರಿಸಿ ನೋಡಿದರು, ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಮೊದಲು ಆಂಬುಲೆನ್ಸಿಗೆ ಫೋನ್ ಮಾಡಿದರು. ಹೊರಟಿದೆ, ಆದರೆ ಗುಡ್ಡದ ಬುಡದಲ್ಲಿ ಮದುವೆ ದಿಬ್ಬಣದ ಕಾರುಗಳು ರಸ್ತೆ ತುಂಬಿಕೊಂಡಿವೆ, ಕಾಯಿರಿ ಎಂದರು ಆ ಕಡೆಯವರು. ಅತ್ತೆ ಫೋನನ್ನು ಸೋಫಾದ ಮೇಲೆ ಎಸೆದು, ಬಾಲ್ಕನಿಯಿಂದ ಬಗ್ಗಿ, "ಆ ಹಲ್ಲಿಗೆ ಇನ್ನೂ ಎಷ್ಟು ಕಾಲು ಬಾಕಿ ಇದೆಯೋ?" ಎಂದು ಕೇಳಿದರು.

"ಒಂದು!"

ಆಮೇಲಿನದನ್ನು ನಾನು ಕಂಬಿಯ ಸಂದಿಯಿಂದಲೇ ಕಂಡೆ. ಪಕ್ಕದ ಮನೆಯಾಕೆಯನ್ನು ನನ್ನ ಬಳಿ ಕೂರಿಸಿ ನಿನ್ನ ಅಜ್ಜಿ ಮೆಟ್ಟಿಲಿಳಿದು ಹೋದರು. ನಿನ್ನಪ್ಪ ಡಿಕ್ಕಿಯೊಳಗೆ ತಲೆ ಹಾಕಿ ಮೇಲಿನ ನಟ್ಟು ಹಾಕಲು ಕಾಯುತ್ತಿದ್ದ. ಕುತೈಬಾ ಕೆಳಗಿನ ಬೋಲ್ಟು ಹಿಡಿದಿದ್ದ. ಕಂಬವನ್ನು ಎತ್ತಿ ನೇರಕ್ಕೆ ಹಿಡಿಯುವ ಕೈ ಬೇಕಿತ್ತು. ಅತ್ತೆ ತಾವೇ ಕಸೂತಿ ಹಾಕಿದ ಕಪ್ಪು ನಿಲುವಂಗಿಯಲ್ಲೇ ನೆಲಕ್ಕೆ ಮೊಣಕಾಲೂರಿ, ಗ್ರೀಸ್ ಬಳಿದ ಕಂಬವನ್ನು ಎರಡೂ ಕೈಯಲ್ಲಿ ಅಪ್ಪಿ ಮೇಲಕ್ಕೊತ್ತಿದರು. "ಹಿಟ್ಟಿನ ಮೂಟೆ ಎತ್ತಿದ ಕೈ ಇದು. ನಿಧಾನವಾಗಿ ಹಾಕ್ರೋ, ಬೀಳಲ್ಲ" ಎಂದರು. ಮಗ ಒಂದೊಂದೇ ನಟ್ಟು ಬಿಗಿದ.

ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸುವಾಗಲೂ ನಾನು ಬಿಡಲಿಲ್ಲ. "ಲಾಕ್ ರಿಂಗ್ ಬಿಗಿ ಮಾಡಿದ್ಯಾ? ಚಕ್ರದ ನಟ್ಟು?" ಕುತೈಬಾ ಒಂದೊಂದಕ್ಕೂ ಸ್ಪ್ಯಾನರ್ ಹಾಕಿ ನನ್ನೆದುರೇ ತೋರಿಸಿದ. ಗುಂಡಿಗಳನ್ನೆಲ್ಲ ಪೂರ್ತಿ ಮೆದುವಿಗೆ ತಿರುಗಿಸಿದ.

ಚಕ್ರಗಳ ನೇರ ಸರಿಮಾಡಿಸಲು ಹೊತ್ತಾದರೂ ಎಲ್ಲಿತ್ತು? ನೆಟ್ಟಗೆ ಹೋಗಬೇಕೆಂದರೆ ನಿನ್ನಪ್ಪ ಸ್ಟಿಯರಿಂಗನ್ನು ಎಡಕ್ಕೆ ಓರೆಯಾಗಿ ಹಿಡಿಯಬೇಕಿತ್ತು, ಹಾಗೇ ಹಿಡಿದು, ದಿಬ್ಬಣ ತಪ್ಪಿಸಿ ಮೇಲಿನ ದಾರಿಯಿಂದ ಹೊರಟ. ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ನನ್ನ ತಲೆ, ನಿನ್ನ ಮೇಲೆ ಅವರ ಕೈ. ಮೊದಲ ಹಂಪು ಬಂದಾಗ ಹಲ್ಲು ಕಚ್ಚಿ ಕಾದೆ. ಕಾರು ಒಮ್ಮೆ ಉಸಿರೆಳೆದುಕೊಂಡಂತೆ ಎದ್ದು, ಬಿಟ್ಟಂತೆ ಇಳಿಯಿತು. ಇನ್ನೊಂದು, ಮತ್ತೊಂದು. ನೀನು ಅಲುಗಾಡಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೆ. ಅಳು ಬಂತು.

ಆಗ ಅತ್ತೆ ಬಗ್ಗಿ, ಮುಂದೆ ಕೂತ ಗಂಡಸರಿಗೆ ಕೇಳಿಸದಂತೆ ಹೇಳಿದರು: "ಕಾರಿಂದ ಹೋಯ್ತು ಅಂತ ನನಗೆ ಯಾವತ್ತೂ ಅನಿಸಿರ್ಲಿಲ್ಲ ಯಮ್ಮಾ. ಯಾರನ್ನಾದ್ರೂ ಬೈಬೇಕಾಗಿತ್ತು. ನಿನ್ನ ಬೈಯೋಕೆ ಬಾಯಿ ಬರ್ಲಿಲ್ಲ. ದೇವರನ್ನ ಬೈಯೋಕೆ ಧೈರ್ಯ ಸಾಲ್ಲಿಲ್ಲ."

ಅವರ ಕೈ ಹಿಡಿದುಕೊಂಡೆ, ಗ್ರೀಸ್ ಇಬ್ಬರಿಗೂ ಹತ್ತಿತು.

ರಕ್ತ ನಿಂತಿದೆ. ನಿನ್ನ ಎದೆಬಡಿತವನ್ನು ಯಂತ್ರದಲ್ಲಿ ಕೇಳಿಸಿದರು. ಓಟದ ಕುದುರೆಯ ಗೊರಸಿನ ಹಾಗಿತ್ತು. ಚರಿತ್ರೆ ಮೇಷ್ಟ್ರು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ನೀನು ಹುಟ್ಟುವವರೆಗೆ ನಾನು ಈ ಮಂಚ ಬಿಡುವ ಹಾಗಿಲ್ಲ. ಡಾಕ್ಟರು ನೀನು ಇನ್ನೂ ಕೆಲವು ವಾರ ಒಳಗೇ ಇರಬೇಕು ಎನ್ನುತ್ತಾರೆ. ಏನಾಗುತ್ತದೋ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗಳಿಗೆಗೊಮ್ಮೆ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತೇನೆ. ನೀನು ಒದ್ದರೆ ಸಮಾಧಾನ, ಒದೆಯದಿದ್ದರೆ ಜೀವ ಬಾಯಿಗೆ.

ನೀನು ಅಲ್ಲೇ ಇರು ಯಮ್ಮಾ. ಬೆಳೆ, ಮೈ ತುಂಬಿಕೋ. ಬೇಗ ನೋಡಬೇಕೆಂಬ ಅವಸರವೆಲ್ಲ ನನಗಿರಲಿ, ಅದು ನನಗೆ ಅಭ್ಯಾಸವಿದೆ. ದೇವರು ನಿನ್ನನ್ನು ನಿನ್ನ ಹೊತ್ತಿಗೆ, ಜೋರಾಗಿ ಅಳಿಸುತ್ತಾ ಕರೆತರಲಿ.

ಇತಿ,
ಎಡಮಗ್ಗುಲಲ್ಲೇ ಮಲಗಿರುವ ನಿನ್ನ ತಾಯಿ
ರುದೈನಾ