ಈ ವರ್ಷದ ಪಟ್ಟಿ

ಪೀಣ್ಯ
೧೨ ನವೆಂಬರ್ ೧೯೮೩

ಅತ್ತೆಯವರಿಗೆ ಪ್ರಭಾಳ ನಮಸ್ಕಾರ. ಕೋರ್ಟಿನಲ್ಲಿ ಎಲ್ಲ ಮುಗಿದು, ಮಗ ನಿಮ್ಮ ಮನೆಯಲ್ಲೇ ಉಳಿದ ಮೇಲೂ ನಿಮ್ಮನ್ನು ಕರೆಯಲು ಬೇರೆ ಹೆಸರು ಹೊಳೆಯಲಿಲ್ಲ.

ಇಲ್ಲಿ ಚಳಿ ಶುರುವಾಗಿದೆ. ಬೆಳಿಗ್ಗೆ ಫ್ಯಾಕ್ಟರಿ ಬಸ್ಸಿಗೆ ನಿಂತರೆ ಬಾಯಲ್ಲಿ ಹೊಗೆ ಬರುತ್ತದೆ. ನಿಮ್ಮ ದೊಡ್ಡನೆಕ್ಕುಂದಿಯಲ್ಲಿ ಕೆರೆಯ ಗಾಳಿ ಬೇರೆ. ನಾನು ನಾಣಿಗೆ ಹೆಣೆದಿದ್ದ ಕೆಂಪು ಸ್ವೆಟರ್ ಈಗ ಅವನ ಹೊಟ್ಟೆಯ ಮೇಲಕ್ಕೆ ಬಂದಿರಬೇಕು.

ಚಿಕ್ಕಂದಿನಲ್ಲಿ ನನಗಿದ್ದದ್ದು ಒಂದೇ ಸ್ವೆಟರ್. ಪ್ರತಿ ಚಳಿಗಾಲಕ್ಕೂ ನಮ್ಮಮ್ಮ ಅದನ್ನು ಪೂರ್ತಿ ಬಿಚ್ಚಿ, ಉಲ್ಲನ್ ತೊಳೆದು ಒಣಗಿಸಿ, ಮತ್ತೆ ಹೆಣೆಯುತ್ತಿದ್ದಳು. ನಾನು ಬೆಳೆದಷ್ಟೂ ಉಲ್ಲನ್ ಸಾಲದೆ ಬರುತ್ತಿತ್ತು. ಅಷ್ಟಕ್ಕೆ ಸೊಂಟದ ಹತ್ತಿರ ಬೇರೆ ಬಣ್ಣದ ಪಟ್ಟಿ. "ಹೊಸದು ಹಾಕ್ಕೊಡಮ್ಮಾ" ಎಂದು ನಾನು ಅತ್ತರೆ ಪಟ್ಟಿಯ ಮೇಲೆ ಬೆರಳಿಟ್ಟು, "ಇದೇ ಕಣೇ ಹೊಸದು. ಈ ವರ್ಷ ನೀನು ಬೆಳೆದಿರೋದು ಇಷ್ಟು" ಎನ್ನುತ್ತಿದ್ದಳು.

ಹಸಿರು ಉಲ್ಲನ್ ತಂದಿಟ್ಟಿದ್ದೇನೆ. ಪಟ್ಟಿ ಎಷ್ಟು ಅಗಲ ಬೇಕೋ ನನಗೆ ಗೊತ್ತಿಲ್ಲ. ನಾಣಿಯ ಎದೆಯ ಸುತ್ತ ಒಂದು ದಾರ ಹಿಡಿದು ಗಂಟು ಹಾಕಿ. ಕತ್ತಿನಿಂದ ಸೊಂಟದವರೆಗೆ ಇನ್ನೊಂದು. ನಮ್ಮ ಬಸ್ಸಿನ ಡ್ರೈವರ್ ಆಂಜಿನಪ್ಪ ನಿಮ್ಮ ಊರಿನವರೇ, ಅವರ ಕೈಲಿ ದಾರ, ಸ್ವೆಟರ್ ಎರಡನ್ನೂ ಕೊಡಿ. ಕೈಗೆ ಸಿಕ್ಕ ವಾರದೊಳಗೆ ಹೆಣೆದು ಕಳಿಸುತ್ತೇನೆ. ಅಲ್ಲಿಯವರೆಗೆ ಅವನಿಗೆ ನಿಮ್ಮ ಶಾಲು ಸುತ್ತಿ. ಯಾರು ಹೆಣೆದದ್ದೆಂದು ಹೇಳಬೇಕಾಗಿಲ್ಲ.

ಸ್ವೆಟರ್ ಒಗೆದು ಕೊಡುವ ಶ್ರಮ ನಿಮಗೆ ಬೇಡ. ಮಣ್ಣಾಗಿದ್ದರೂ ಇರಲಿ. ಅವನ ಮೈಮೇಲಿಂದ ತೆಗೆದದ್ದನ್ನು ಹಾಗೇ ಕಳಿಸಿಬಿಡಿ.

ಪ್ರಭಾ