ಕೆಂಪು ಶಾಯಿಯ ಹೊತ್ತು

ಜೂನ್ ೧೧, ಮಂಗಳವಾರ

ಪ್ರೀತಿಯ ಗುಬ್ಬಿಗೆ,

ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿರುವೆಯೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಏಳು ವಾರವಾಯಿತು. ಕಂಡವರ ಪ್ರಯಾಣಕ್ಕೆಲ್ಲ ನಿಮಿಷ ನಿಮಿಷದ ಲೆಕ್ಕ ಹಾಕಿಕೊಡುವ ಮನುಷ್ಯ ಸ್ವಂತ ಮಗಳಿಗೆ ಉತ್ತರ ಬರೆಯಲು ಏಳು ವಾರ ತೆಗೆದುಕೊಂಡನಲ್ಲ ಎಂದು ನಿನಗೆ ನಗು ಬಂದರೆ ನಕ್ಕುಬಿಡು. ಕೆಲಸ ಜಾಸ್ತಿಯಿತ್ತು ಎಂದು ಹೇಳಲಾರೆ. ಈ ವರ್ಷ ಹಿಮ ತಡವಾಗಿ ಕರಗುತ್ತಿದೆ, ಬೆಟ್ಟ ಹತ್ತುವವರು ಇನ್ನೂ ಬರಲು ಶುರುಮಾಡಿಲ್ಲ. ಮೂರು ಸಲ ಬರೆದೆ, ಮೂರು ಸಲವೂ ಹರಿದು ಹಾಕಿದೆ.

ಈ ಕಾಗದದ ಜೊತೆ ಕವರಿನಲ್ಲಿ ಎರಡು ಹಾಳೆಗಳಿವೆ. ದೊಡ್ಡದು ನೀನು ಕೇಳಿದ ದಾರಿಯ ಯೋಜನೆ. ಚಿಕ್ಕದನ್ನು ನಾಲ್ಕು ಮಡಿಕೆ ಮಾಡಿ ಅಂಟಿಸಿದ್ದೇನೆ. ಕಥೆ ಪುಸ್ತಕದ ಕೊನೆಯ ಪುಟ ಮೊದಲು ಓದುವ ಅಭ್ಯಾಸ ನಿನಗೆ ಚಿಕ್ಕಂದಿನಿಂದಲೂ ಇದೆ. ಇದೊಂದು ಸಲ ಆ ಕೆಲಸ ಮಾಡಬೇಡ. ಕಾಗದ ಮುಗಿದ ಮೇಲೆ ಬಿಡಿಸು.

ಇಲ್ಲಿನ ಸುದ್ದಿ ಅಂಥದ್ದೇನೂ ಇಲ್ಲ. ಅಡುಗೆಮನೆಯ ನಲ್ಲಿ ಮತ್ತೆ ಸೋರುತ್ತಿದೆ, ಕೆಳಗೆ ಬಕೆಟ್ ಇಟ್ಟಿದ್ದೇನೆ. ಕಚೇರಿಯಲ್ಲಿ ಅದೇ ಎರಡು ಮೇಜು, ಗೋಡೆ ತುಂಬ ಅದೇ ನಕ್ಷೆ. ಫೋನಿನ ಮೇಜಿನ ಅಕ್ಕ ನಿನ್ನನ್ನು ಕೇಳುತ್ತಿರುತ್ತಾಳೆ. ಮೇಲಿನ ತಂಗುಮನೆಗಳಲ್ಲಿ ಜಾಗ ಕಾದಿರಿಸುವುದು, ಹವಾಮಾನದವರನ್ನು ಬೆಳಿಗ್ಗೆ ಎಬ್ಬಿಸಿ ಬೈಯುವುದು ಈಗಲೂ ಅವಳದೇ ಕೆಲಸ. ಹೋದ ವಾರ ಒಬ್ಬ ವಕೀಲ ಬಂದಿದ್ದ. ನಮ್ಮ ಪದ್ಧತಿ ನಿನಗೆ ಗೊತ್ತಲ್ಲ, ಯಾರೇ ಬಂದರೂ ಚೀಲ ಹೊತ್ತು ಕಚೇರಿ ಹಿಂದಿನ ನೂರ ಎಂಬತ್ತು ಮೆಟ್ಟಿಲನ್ನು ಎರಡು ಸಲ ಹತ್ತಿ ತೋರಿಸಬೇಕು, ನಾನು ವಾಚು ಹಿಡಿದು ಬರೆದುಕೊಳ್ಳಬೇಕು. ಆ ಮಹಾರಾಯ ಜಿಂಕೆ ಹಾಗೆ ಹತ್ತಿದ. ಅಕ್ಕನಿಗೆ ಅನುಮಾನ ಬಂದು ಚೀಲ ಬಿಚ್ಚಿದರೆ ಒಳಗೆ ಎರಡು ದಿಂಬು!

"ಸಾರ್, ಇವ್ರು ಬೆಟ್ಟಕ್ಕಲ್ಲ, ಮಲಗೋಕೆ ಹೊರಟಿದಾರೆ" ಎಂದಳು ಅಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದುಕೊಂಡೆ. ಆದರೆ ಮಧ್ಯಾಹ್ನ ಅವಳು, "ನೀವು ಯಾಕೆ ನಗ್ಲಿಲ್ಲ?" ಎಂದು ಕೇಳಿದಳು.

ನನಗೆ ಹಾಗೇ ಆಗಿದೆ ಗುಬ್ಬಿ. ಬಹಳ ಹೊತ್ತು ಒಂದೇ ಕಡೆ ಕೂತು ಜೋಮು ಹಿಡಿದ ಕಾಲಿನ ಹಾಗೆ. ಕಾಲು ಇದೆ, ಊರಿದರೆ ನಿಲ್ಲುತ್ತದೆ, ಆದರೆ ನನ್ನದು ಅನ್ನಿಸುವುದಿಲ್ಲ. ಅತ್ತುಬಿಡಿ, ಹಗುರಾಗುತ್ತೆ ಎಂದು ಜನ ಹೇಳುತ್ತಾರೆ. ಅಳು ಬರಬೇಕಲ್ಲ. ನಿನ್ನ ಅಮ್ಮನ ಬೂಟು ಮೂರು ವರ್ಷದಿಂದ ಬಾಗಿಲ ಪಕ್ಕದಲ್ಲೇ ಇದೆ. ಯಾರಿಗಾದರೂ ಕೊಟ್ಟುಬಿಡಿ ಎಂದರೆ ಹೂಂ ಎನ್ನುತ್ತೇನೆ. ಗುಡಿಸುವಾಗ ಎತ್ತಿ ಆ ಕಡೆ ಇಡುತ್ತೇನೆ, ಗುಡಿಸಿ ಈ ಕಡೆ ಇಡುತ್ತೇನೆ.

ಇನ್ನು ನಿನ್ನ ವಿಷಯ. ಅಮ್ಮ ಹೋದ ದಾರಿಯಲ್ಲೇ ಹೋಗಬೇಕು, ಯೋಜನೆ ಮಾಡಿಕೊಡಿ ಎಂದು ಬರೆದಿದ್ದೀಯ. ನಿನ್ನ ಮಾತನ್ನು ಇಲ್ಲಿ ಹಾಗೇ ಬರೆಯುತ್ತೇನೆ: "ಹತ್ತು ಗಂಟೆಗೆ ವಾಪಸ್ ತಿರುಗು ಅಂತ ನೀವು ಕೆಂಪಲ್ಲಿ ಬರ್ದಿದ್ರೂ ಅಮ್ಮ ಯಾಕೆ ಹತ್ತಿದ್ಲು ಅಪ್ಪಾ? ನಮ್ಮಿಬ್ಬರಿಗಿಂತ ಹೆಚ್ಚಿಂದು ಅಲ್ಲೇನಿತ್ತು ಅಂತ ನಾನೇ ನಿಂತು ನೋಡ್ಬೇಕು." ಬೇಡ ಎಂದರೆ ನೀನು ಬೇರೆ ಕಚೇರಿಗೆ ಹೋಗುತ್ತೀಯ. ನೀನು ಹಲ್ಲಿನ ಡಾಕ್ಟರು, ಬೇರು ಸಿಗುವವರೆಗೆ ಬಿಡುವವಳಲ್ಲ. ಅದಕ್ಕೇ ಕೂತು ಮಾಡಿದ್ದೇನೆ.

ನಕ್ಷೆಯ ಮೇಲೆ ದಾರ ಒದ್ದೆ ಮಾಡಿ ಹಾಸಿ, ಪ್ರತಿ ತಿರುವಿಗೂ ಅಂಟಿಸಿ ಅಳೆದೆ. ಸಮತಟ್ಟಿಗೆ ಗಂಟೆಗೆ ನಾಲ್ಕು ಕಿಲೋಮೀಟರು, ಏರಿಗೆ ಗಂಟೆಗೆ ಮುನ್ನೂರು ಮೀಟರು. ಬಂದ ಎರಡು ಹೊತ್ತುಗಳಲ್ಲಿ ದೊಡ್ಡದನ್ನು ಪೂರ್ತಿ ತೆಗೆದುಕೊಂಡು ಚಿಕ್ಕದರ ಅರ್ಧ ಕೂಡಿಸಿದೆ. ಇದು ಯಾರೋ ಒಬ್ಬ ಸರಾಸರಿ ಮನುಷ್ಯನ ಹೊತ್ತು. ಅದಕ್ಕೆ ಹತ್ತುವವರ ಮೆಟ್ಟಿಲಿನ ಹೊತ್ತನ್ನು ಹೊಂದಿಸಬೇಕು. ಮೊದಲ ದಿನ ಕಾಡಿನ ದಾರಿಯಲ್ಲಿ ತಂಗುಮನೆಯವರೆಗೆ. ಎರಡನೇ ದಿನ ಬೆಳಗಿನ ಐದಕ್ಕೆ ಹೊರಡಬೇಕು. ಬಂಡೆಗಳ ನಡುವೆ ನಡೆದರೆ ಹಿಮದ ಇಳಿಜಾರಿನ ಬುಡ ಸಿಗುತ್ತದೆ. ಅದನ್ನು ಹತ್ತಿದರೆ ಎರಡು ಶಿಖರಗಳ ನಡುವಿನ ಕಂಡಿ. ಹನ್ನೆರಡೂವರೆಯಾದ ಮೇಲೆ ಆ ಇಳಿಜಾರಿನ ಮೇಲೆ ನೇರ ಬಿಸಿಲು ಬಿದ್ದು ಹಿಮ ಸಡಿಲವಾಗುತ್ತದೆ. ಅಷ್ಟರೊಳಗೆ ಕಂಡಿಯ ಮೇಲಿರಬೇಕು. ಇರಲು ಆಗದು ಅನ್ನಿಸಿದರೆ ಬುಡದಿಂದಲೇ ತಿರುಗಬೇಕು. ಎಷ್ಟು ಗಂಟೆಗೆ ತಿರುಗಬೇಕೆಂಬುದನ್ನು ನಾನು ಪ್ರತಿ ಹಾಳೆಯ ಕೊನೆಗೂ ಚೌಕ ಹಾಕಿ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ.

ನಿನ್ನ ಹಾಳೆಯಲ್ಲಿ ಆ ಚೌಕ ಖಾಲಿ ಇದೆ. ಮರೆತದ್ದಲ್ಲ. ನಿನ್ನ ಮೆಟ್ಟಿಲಿನ ಹೊತ್ತು ನನ್ನ ಪುಸ್ತಕದಲ್ಲಿದೆ, ಆದರೆ ಅದು ನಿನಗೆ ಹತ್ತೊಂಬತ್ತಾಗಿದ್ದಾಗಿನದು. ಈಗ ಮೂವತ್ತೊಂದು. ದಿನವಿಡೀ ಕುರ್ಚಿಯ ಪಕ್ಕ ಬಗ್ಗಿ ನಿಲ್ಲುವ ಬೆನ್ನು. ಬಂದು ಚೀಲ ಹೊತ್ತು ಹತ್ತಿ ತೋರಿಸು. ದಿಂಬು ತರಬೇಡ. ಆಮೇಲೆ ತುಂಬುತ್ತೇನೆ.

ನನ್ನ ಆರೋಗ್ಯದ ಚಿಂತೆ ಮಾಡಬೇಡ. ಹೊತ್ತಿಗೆ ಸರಿಯಾಗಿ ತಿನ್ನು, ರೋಗಿಗಳ ಮೇಲೆ ರೇಗಬೇಡ. ನಿನ್ನ ಕೈಗೆ ಒಳ್ಳೆಯ ಹೆಸರು ಬರಲಿ, ನಿನ್ನ ಕಾಲಿಗೆ ಯಾವ ದಾರಿಯೂ ಮುಳ್ಳಾಗದಿರಲಿ. ನೂರು ಕಾಲ ಬಾಳು ಮಗಳೇ.

ಇಂತಿ ನಿನ್ನ
ಅಪ್ಪ

ತಾ. ಕ.: ಈಗ ಚಿಕ್ಕ ಹಾಳೆ ಬಿಡಿಸು. ಅದು ನಿನ್ನ ಅಮ್ಮನ ಯೋಜನೆಯ ಹಾಳೆ. ಆಸ್ಪತ್ರೆಯವರು ಕೊಟ್ಟ ಬಟ್ಟೆಯ ಗಂಟು ಬಿಚ್ಚಿದಾಗ ಕೋಟಿನ ಒಳಜೇಬಿನಲ್ಲಿತ್ತು. ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡಿದ್ದಳು, ಶಾಯಿ ಒಂದಿಷ್ಟೂ ಹರಡಿಲ್ಲ. ಚೌಕದಲ್ಲಿ ಏನಿದೆ ನೋಡು. ಹತ್ತಲ್ಲ, ಹನ್ನೊಂದು. ನನ್ನ ಕೈಬರಹವೇ.

ತಂಗುಮನೆಯಾಕೆ ದುರ್ಬೀನಿನಲ್ಲಿ ಕಂಡದ್ದನ್ನು ವಿಚಾರಣೆಯ ಅಧಿಕಾರಿಗೆ ಹೇಳಿದಳಲ್ಲ, ಹತ್ತೂ ಐವತ್ತಕ್ಕೆ ಅಮ್ಮ ಇಳಿಜಾರಿನ ಬುಡ ಮುಟ್ಟಿದಳು, ಹನ್ನೆರಡೂ ಮುಕ್ಕಾಲಿಗೆ ಹಿಮ ಜಾರಿತು ಎಂದು. ಆ ಸಂಜೆ ಆ ಹೊತ್ತುಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದೆ. ತಂಗುಮನೆಯಿಂದ ಬುಡದವರೆಗೆ ನಾನು ನಾಲ್ಕೂವರೆ ಗಂಟೆ ಬರೆದಿದ್ದ ಕಡೆ, ಐದಕ್ಕೆ ಹೊರಟ ಅವಳಿಗೆ ಆರು ಗಂಟೆ ಹತ್ತಿರ ಹಿಡಿದಿತ್ತು. ನಾನು ಇಳಿಜಾರಿಗೆ ಒಂದೂವರೆ ಗಂಟೆ ಕೊಟ್ಟಿದ್ದೆ, ಅವಳಿಗೆ ಎರಡೂವರೆ ಬೇಕಿತ್ತು. ಹನ್ನೆರಡೂವರೆಯಿಂದ ಹಿಂದಕ್ಕೆ ಸರಿಯಾಗಿ ಎಣಿಸಿದ್ದರೆ ಚೌಕದಲ್ಲಿ ಹತ್ತು ಬರುತ್ತಿತ್ತು. ಮರುದಿನ ಅಧಿಕಾರಿ, "ಎಷ್ಟು ಗಂಟೆ ಅಂತ ಬರ್ದಿದ್ರಿ?" ಎಂದು ಕೇಳಿದರು. ಹತ್ತು ಎಂದೆ. ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ. "ಅಮ್ಮಂಗೆ ಯಾವಾಗ್ಲೂ ಹಠ" ಎಂದು ಹೇಳಿ ನೀನು ಹೊರಗೆ ಹೋದೆ. ಆಗಲೇ ಕೂಗಿ ಕರೆಯಬೇಕಿತ್ತು. ನಾಲಿಗೆ ಏಳಲಿಲ್ಲ. ಮೂರು ವರ್ಷ ಏಳಲಿಲ್ಲ.

ಹೊರಡುವ ಹಿಂದಿನ ದಿನ ಅವಳು ಕಚೇರಿಗೆ ಬಂದಿದ್ದಳು, ಚೀಲ ಹೊತ್ತುಕೊಂಡೇ. "ಮಂಡಿ ಯಾಕೋ ಹಿಡ್ಕೋತಿದೆ ಕಣ್ರೀ. ಒಂದ್ಸಲ ಮೆಟ್ಟಿಲು ಹತ್ತಿ ತೋರಿಸ್ಲಾ?" ಎಂದಳು. ನಾನು ನಕ್ಷೆಯಿಂದ ತಲೆ ಎತ್ತಲಿಲ್ಲ. "ನಿನ್ನ ಲೆಕ್ಕ ನಂಗೆ ಬಾಯಿಪಾಠ, ಹೋಗು" ಎಂದೆ. ನನಗೆ ಬಾಯಿಪಾಠವಿದ್ದದ್ದು ಮದುವೆಯಾದ ವರ್ಷದ ಲೆಕ್ಕ. ಅವಳು ಖುಷಿಪಟ್ಟುಕೊಂಡೇ ಹೋದಳು.

ಇದನ್ನು ನೀನು ಅಧಿಕಾರಿಗೆ ತೋರಿಸಿದರೂ ಸರಿ, ನನ್ನ ಮುಖ ನೋಡಲ್ಲ ಅಂದರೂ ಸರಿ. ಮೆಟ್ಟಿಲು ಮಾತ್ರ ಹತ್ತು. ವಾಚನ್ನು ಅಕ್ಕ ಹಿಡಿಯುತ್ತಾಳೆ, ಚೌಕವನ್ನೂ ಅವಳೇ ತುಂಬಲಿ.

ಅಮ್ಮ ಹಠ ಮಾಡಲಿಲ್ಲ ಗುಬ್ಬಿ. ಇಳಿಜಾರಿನ ಬುಡದಲ್ಲಿ ನಿಂತು ಜೇಬಿನಿಂದ ಕಾಗದ ತೆಗೆದು ನೋಡಿದಳಂತೆ, ವಾಚು ನೋಡಿದಳಂತೆ, ಆಮೇಲೆ ಹತ್ತಿದಳಂತೆ. ನನ್ನ ಹಾಳೆಯ ಪ್ರಕಾರ ಅವಳಿಗೆ ಇನ್ನೂ ಹತ್ತು ನಿಮಿಷ ಉಳಿದಿತ್ತು.